ಹೋಲ್ಡ್ ಆನ್ ಅಂದ ಫೋನಮ್ಮ

ಹೋದ ತಿಂಗಳು ಕುಕ್ಕರು ಸೀಟಿ ಹೊಡೆಯದೆ ಬರೀ ಬುಸುಗುಟ್ಟತೊಡಗಿತು ಎಂದು ಹೊಸ ಗ್ಯಾಸ್ಕೆಟ್ ತರಿಸಿದೆ. ಕವರು ಹರಿದು ಆ ಕರಿ ರಬ್ಬರ್ ಬಳೆಯನ್ನು ಕೈಗೆ ತೆಗೆದುಕೊಂಡಾಗ ಒಂದು ವಾಸನೆ ಬಂತು. ಕಾದ ರಬ್ಬರಿನ ವಾಸನೆ. ಅದರ ಬೆನ್ನಿಗೇ, ಮನೆಯಲ್ಲಿ ಯಾರೂ ಹಚ್ಚಿಕೊಳ್ಳದಿದ್ದರೂ, ಕೊಬ್ಬರಿ ಎಣ್ಣೆಯ ವಾಸನೆಯೂ ಬಂದ ಹಾಗಾಯಿತು. ಅಕ್ಕಿ ತೊಳೆಯುವುದನ್ನು ಬಿಟ್ಟು ಅಡುಗೆಕಟ್ಟೆಗೆ ಆತು ನಿಂತುಬಿಟ್ಟೆ...

ಅದು ಹೆಡ್‌ಸೆಟ್ಟಿನ ವಾಸನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹರಪನಹಳ್ಳಿ ಸೀಮೆಯ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ ಸಿಕ್ಕಿತ್ತು. ನಮ್ಮದು ಕುರಿ ಸಾಕುವ ಮನೆ. ಆ ಮನೆಗೆ ತಿಂಗಳ ಸಂಬಳ ಎಂಬುದನ್ನು ಮೊದಲು ತಂದವಳು ನಾನು. ಜಂಬದಿಂದ ತಿರುಗಬೇಕಾಗಿತ್ತು, ನಾನು ನೋಡಿದರೆ ಅಂಜಿ ಸಾಯುತ್ತಿದ್ದೆ. ಹುಟ್ಟಾ ಅಂಜುಬುರುಕಿ ನಾನು. ಕತ್ತಲೆಗೆ ಅಂಜುತ್ತಿದ್ದೆ, ನಾಯಿಗೆ ಅಂಜುತ್ತಿದ್ದೆ, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷಿಗೆ ಅಂಜುತ್ತಿದ್ದೆ.

ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಕಲಿಸಿದವರನ್ನು ಊರೆಲ್ಲ ಫೋನಮ್ಮ ಎನ್ನುತ್ತಿತ್ತು. ಕೂಡ್ಲಿಗಿ ಕಡೆಯವರು. ಎಷ್ಟೋ ವರ್ಷ ಹೆಡ್‌ಸೆಟ್ ಹಾಕಿ ಹಾಕಿ ಅವರ ನೆತ್ತಿಯ ಮೇಲೆ ಕೂದಲು ಸವೆದು, ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ಕಾಲುದಾರಿ ಬಿದ್ದಿತ್ತು. ಅದು ಕಾಣದ ಹಾಗೆ ದಿನವೂ ಕನಕಾಂಬರದ ಮಾಲೆಯನ್ನು ಅಡ್ಡಕ್ಕೆ ಮುಡಿಯುತ್ತಿದ್ದರು. ಇದ್ದದ್ದು ಒಂದೇ ಹೆಡ್‌ಸೆಟ್ಟು. ಅವರು ತೆಗೆದರೆ ನಾನು ಹಾಕಿಕೊಳ್ಳಬೇಕು. ಹೀಗಾಗಿ ವೈರು ಚುಚ್ಚಿ ಲೈನು ಕೂಡಿಸುವ ಬೋರ್ಡಿನ ಮುಂದೆ ಕೂತಾಗಲೆಲ್ಲ ಅವರ ತಲೆಯೆಣ್ಣೆಯ ವಾಸನೆ ನನ್ನ ಕಿವಿಗೆ ಅಂಟಿಕೊಂಡಿರುತ್ತಿತ್ತು.

ನಾನು ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವಳು. ಇಂಗ್ಲಿಷನ್ನು ಕಣ್ಣಿನಿಂದ ನೋಡಿದ್ದೆ, ಕಿವಿಯಿಂದ ಕೇಳಿರಲಿಲ್ಲ. ಮೊದಲ ದಿನವೇ ಬಳ್ಳಾರಿ ಕಡೆಯ, ದೂರದೂರಿನ ಕರೆ ಕೂಡಿಸುವ ಟ್ರಂಕ್ ಆಪರೇಟರು ‘ಹೋಲ್ಡ್ ಆನ್!’ ಎಂದು ಗದರಿದ. ಹೋಲ್ಡ್ ಎಂದರೆ ಹಿಡಿ, ಆನ್ ಎಂದರೆ ಮೇಲೆ. ಏನನ್ನು ಹಿಡಿಯಲಿ, ಯಾವುದರ ಮೇಲೆ ಹಿಡಿಯಲಿ? ತೋಚದೆ, ಕೈಗೆ ಸಿಕ್ಕ ವೈರನ್ನೇ ಬಿಗಿಯಾಗಿ ಹಿಡಿದು ಕೂತೆ. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು.

“ಯಾಕ ಲೇ, ಎಮ್ಮಿ ಹಗ್ಗ ಹಿಡಿದಂಗ ಹಿಡಿದಿ?” ಎಂದರು ಫೋನಮ್ಮ.

ಹೇಳಿದೆ. ಅವರು ನಕ್ಕರು, ಆಮೇಲೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಒಂದೊಂದ ಮಾತು ಬಿಡಿಸಿ ನೋಡಬ್ಯಾಡ. ಮೈಲಾರದ ಕಾರ್ಣಿಕ ಕೇಳೀಯಿಲ್ಲ? ಗೊರವಯ್ಯ ನುಡಿದದ್ದನ್ನ ಬಿಡಿಸಿ ಬಿಡಿಸಿ ನೋಡಿದ್ರ ಏನೂ ತಿಳಿಯಂಗಿಲ್ಲ, ಇಡಿಯಾಗಿ ನೋಡಬೇಕು. ಇದೂ ಹಂಗ. ಹೋಲ್ಡ್ ಆನ್ ಅಂದ್ರ ಫೋನ್ ಇಡಬ್ಯಾಡ್ರಿ, ನಾ ಮತ್ತ ಬರ್ತೀನಿ ಅಂತ.”

“ಅದ್ರಾಗ ‘ಬರ್ತೀನಿ’ ಅನ್ನೋದು ಎಲ್ಲೈತ್ರಿ ಅಮ್ಮಾ?” ಎಂದೆ.

“ಎಲ್ಲೂ ಇಲ್ಲ. ಆದ್ರೂ ಐತಿ. ಅಂದಾಕಿ ಬರಲಿಲ್ಲಂದ್ರ ಆ ಮಾತಿಗೆ ಅರ್ಥನ ಇಲ್ಲ ನೋಡು.”

ಆ ಒಂದು ಮಾತಿನ ಬಳಕೆಯನ್ನು ಅವರು ನನಗೆ ವಾರಗಟ್ಟಲೆ ಕಲಿಸಿದರು. ಸಾಹೇಬರಿಗೆ, ಡಾಕ್ಟರಿಗೆ ‘ಹೋಲ್ಡ್ ಆನ್ ಪ್ಲೀಸ್’ ಎನ್ನಬೇಕು. ಬೇರೆ ಎಕ್ಸ್‌ಚೇಂಜಿನವರಿಗೆ ಬರೀ ‘ಹೋಲ್ಡ್ ಆನ್’ ಸಾಕು. ‘ಹ್ಯಾಂಗ್ ಆನ್’ ಅಂದರೂ ಅದೇ, ಆದರೆ ಅದು ಸಲಿಗೆ ಇದ್ದವರ ಮಾತು, ಡ್ಯೂಟಿಯಲ್ಲಿ ಬೇಡ. ಮುಂದೆ ಇನ್ನೊಂದು ‘ಟು’ ಬಂದು ‘ಹೋಲ್ಡ್ ಆನ್ ಟು’ ಆದರೆ, ಕೈಯಲ್ಲಿ ಇರುವುದನ್ನು ಬಿಡಬೇಡ ಎಂದು. ಸೋಲು ಬಂದರೂ ಬಿಡದೆ ತಾಳಿಕೊಂಡಿರು ಎನ್ನುವುದಕ್ಕೂ ‘ಹೋಲ್ಡ್ ಆನ್’ ಎನ್ನುತ್ತಾರಂತೆ. ಅದನ್ನು ಅವರು ರೇಡಿಯೋದಲ್ಲಿ ಕ್ರಿಕೆಟ್ ಕೇಳಿ ಕಲಿತಿದ್ದರು. ಇಟ್ಟುಬಿಡುವುದಕ್ಕೆ ‘ಹ್ಯಾಂಗ್ ಅಪ್’. ಈ ಕೊನೆಯದನ್ನು ಹೇಳುವಾಗ, ಹಾಲಿನಲ್ಲಿ ನೊಣ ಕಂಡವರಂತೆ ಮುಖ ಸಿಂಡರಿಸುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ ಇತ್ತು. ಹೋಲ್ಡ್ ಆನ್ ಅಂದ ಮೇಲೆ, ಕೇಳಿದ ನಂಬರು ಸಿಗಲಿ ಬಿಡಲಿ, ಆಗಾಗ ಪ್ಲಗ್ ಚುಚ್ಚಿ “ಇಲ್ಲೇ ಅದೀನ್ರಿ, ಇನ್ನೂ ಸಿಕ್ಕಿಲ್ಲ” ಎಂದು ಹೇಳಿ ಬರುತ್ತಿದ್ದರು. ಚಿಗಟೇರಿಯ ಈರುಳ್ಳಿ ವ್ಯಾಪಾರಿಯೊಬ್ಬ ದಾವಣಗೆರೆಗೆ ಕಾಲ್ ಕೇಳಿ ಕಾದೂ ಕಾದೂ, “ಸಿಕ್ಕಿಲ್ಲ ಅಂತ ಹೇಳಾಕ ಎಷ್ಟ್ ಸಲ ಬರ್ತೀರವ್ವ? ಸಿಕ್ಕ ಮ್ಯಾಲ ಬರ್ರಿ!” ಎಂದು ರೇಗಿದ್ದ.

“ಕಿವಿಗೆ ಫೋನ್ ಹಿಡಿದು ನಿಂತವಗ ಏನ್ ಗೊತ್ತಾಗತೈತಿ, ಈ ಕಡಿ ಯಾರರ ಅದಾರೋ ಇಲ್ಲೋ ಅಂತ?” ಎಂದು ಫೋನಮ್ಮ ನನಗೆ ಹೇಳಿದರು. “ಸುಮ್ಮನಿದ್ರ ಅಂಜಿಕಿ ಬರತೈತಿ.”

ನನಗೆ ಇದು ಅತಿ ಅನ್ನಿಸುತ್ತಿತ್ತು. ಸಣ್ಣ ಬೋರ್ಡು, ನಾಲ್ಕು ವೈರು, ಅದಕ್ಕೆ ಇಷ್ಟು ಉಪಚಾರ ಯಾಕೆ ಎಂದು ಒಳಗೊಳಗೇ ನಗುತ್ತಿದ್ದೆ. ಆ ಮಾತನ್ನು ನಾನು ಯಾವಾಗಲೂ ಹೇಳುವ ಕಡೆಯಿಂದ ಕಲಿತಿದ್ದೆ. ಕೇಳಿಸಿಕೊಳ್ಳುವ ಕಡೆ ಇನ್ನೂ ನಿಂತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅಕ್ಕನನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಅವಳ ಗಂಡನ ಊರು ಹಲವಾಗಲಿಗೆ ಹೋದೆ. ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸುವುದು ನಮ್ಮ ಮನೆತನದಲ್ಲಿ ಇಲ್ಲ. ಒಂಬತ್ತು ಬೀಳಲಿ ಎಂದು ಕಾದಿದ್ದೆವು. ಅಪ್ಪ ಕುರಿಯ ಹಿಂದೆ ದೂರ ಹೋಗಿದ್ದರಿಂದ ಎರಡು ದಿನ ರಜೆ ಹಾಕಿ ನಾನೇ ಹೋದೆ. ಹೋದಾಗ ಹೊಳೆ ತುಂಬಿ ಹರಿಯುತ್ತಿತ್ತು. ಮಾರನೆಯ ದಿನ ನಮ್ಮ ಕಡೆಯೂ ಮಳೆ ಹಿಡಿಯಿತು. ದಾರಿಯಲ್ಲಿ ಹಳ್ಳ ಬಂದಿದೆ, ಬಸ್ಸು ಬರುವುದಿಲ್ಲ ಎಂದರು.

ಆ ಮಧ್ಯಾಹ್ನ ಅಕ್ಕ ನೀರು ಕಾಯಿಸಲು ಹೋದವಳು ಒಲೆಯ ಮುಂದೆಯೇ ಕುಸಿದು ಕೂತಳು. ಸೀರೆ ತುಂಬ ರಕ್ತ. ನೋವು ಬರುವ ಮೊದಲೇ ರಕ್ತ. ಸೂಲಗಿತ್ತಿ ಬಂದು ನೋಡಿ, ಇದು ನನ್ನ ಕೈಯಲ್ಲಿ ಆಗುವುದಲ್ಲ, ದವಾಖಾನೆಗೆ ಒಯ್ಯಿರಿ ಎಂದು ಎದ್ದುಬಿಟ್ಟಳು. ಅಕ್ಕನ ಅತ್ತೆ ಮೈಲಾರಲಿಂಗನ ಭಂಡಾರವನ್ನು ಅವಳ ಹಣೆಗೆ ಹಚ್ಚಿ “ಏಳುಕೋಟಿ, ಏಳುಕೋಟಿ” ಎಂದು ನಡುಗುತ್ತಿದ್ದರು. ಭಾವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಹೇಗೆ ಓಡಿದೆನೋ, ಎರಡು ಮನೆ ಆಚೆ ಇದ್ದ ಪೋಸ್ಟಾಫೀಸಿಗೆ ಓಡಿದೆ. ಊರಿಗೆಲ್ಲ ಇದ್ದ ಒಂದೇ ಫೋನು ಅಲ್ಲಿತ್ತು. ಪೋಸ್ಟ್‌ಮಾಸ್ತರರು ನನ್ನ ಕೈಯ ರಕ್ತ ನೋಡಿ, ಕೂಡಲೇ ರಿಸೀವರ್ ಕೊಟ್ಟರು.

“ನಂಬರ್ ಪ್ಲೀಸ್,” ಎಂದಿತು ಫೋನಮ್ಮನ ದನಿ.

ಅಮ್ಮಾ ಎಂದದ್ದಷ್ಟೇ ನೆನಪು. ಅಳುತ್ತ ಏನು ಹೇಳಿದೆನೋ, ಅವರಿಗೆ ಎಲ್ಲ ತಿಳಿಯಿತು. ‘ಹೋಲ್ಡ್ ಆನ್’ ಎಂದರು. ಅವರ ದನಿ ಹೋಗಿ ಬರೀ ಗುಂಯ್ ಎನ್ನುವ ಸದ್ದು ಉಳಿಯಿತು. ನಾನೇ ಎಷ್ಟು ಜನರಿಗೆ ಆ ಮಾತು ಹೇಳಿ ಆರಾಮಾಗಿ ಇನ್ನೊಂದು ಪ್ಲಗ್ ಚುಚ್ಚಿದ್ದೆ! ಆ ಗುಂಯ್ ಸದ್ದಿನಲ್ಲಿ ನಿಂತವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವತ್ತು ತಿಳಿಯಿತು. ಲೋಕದಲ್ಲಿ ಯಾರೂ ಇಲ್ಲ, ನಾನೊಬ್ಬಳೇ ಒಂದು ಕರಿ ತುಂಡು ಹಿಡಿದು ನಿಂತಿದ್ದೇನೆ ಅನ್ನಿಸಿತು.

“ಅದೀನವ್ವ,” ಎಂದು ದನಿ ಮರಳಿ ಬಂತು. “ದವಾಖಾನಿ ನರ್ಸಮ್ಮನ ಕೂಡ ಮಾತಾಡೀನಿ. ಅಕಿನ್ನ ಅಲುಗಾಡಿಸಬ್ಯಾಡ್ರಿ ಅಂತ. ಎತ್ತಿನ ಗಾಡಿ ಗೀಡಿ ಬ್ಯಾಡ. ಕಾಲ ಕೆಳಗ ದಿಂಬು ಕೊಟ್ಟು ಮಲಗಸ್ರಿ. ಶೇಂಗಾ ಮಿಲ್ಲಿನವರ ಜೀಪ್ ಕೇಳ್ತೀನಿ. ಹೋಲ್ಡ್ ಆನ್.”

ಮತ್ತೆ ಗುಂಯ್. ಮತ್ತೆ ಬಂದರು. “ಅದೀನವ್ವ. ಸಾಹುಕಾರ್ರು ಹೂಂ ಅಂದಾರ, ಡ್ರೈವರ್ ಊಟಕ್ಕ ಹೋಗ್ಯಾನಂತ. ಹುಡುಕಾಕ ಮಂದಿ ಕಳಿಸೇನಿ. ಅಕ್ಕ ಮಾತಾಡ್ತಾಳಾ?”

“ಮಾತಾಡ್ತಾಳ್ರಿ.”

“ಮಾತಾಡಸ್ಕೋತ ಇರಾಕ ಹೇಳು. ಡ್ರೈವರ್ ಸಿಕ್ಕನೇನು ಕೇಳ್ತೀನಿ. ಹೋಲ್ಡ್ ಆನ್.”

ಆಗಲೇ ಒಂದು ಗುಡುಗು ಬಂದದ್ದು. ರಿಸೀವರಿನಲ್ಲಿ ಟಪ್ ಎಂದಿತು. ಆಮೇಲೆ ಗುಂಯ್ ಕೂಡ ಇಲ್ಲ. ಲೈನು ಸತ್ತಿತ್ತು. ಸತ್ತ ಲೈನಿನ ಸದ್ದು ಯಾವುದು ಎಂದು ನನಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೆ ಗೊತ್ತಿತ್ತು? ಆದರೂ ಅಲೋ ಅಲೋ ಎಂದು ಕೂಗಿದೆ. ಹ್ಯಾಂಡಲ್ ತಿರುಗಿಸಿದೆ. ಏನೂ ಇಲ್ಲ.

ಭಾವ ಬಾಗಿಲಿಗೆ ಬಂದು ನಿಂತರು. “ಜೀಪು ಬರತೈತೇನು?”

ಡ್ರೈವರ್ ಸಿಕ್ಕನೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಕ್ಕರೂ ಹಳ್ಳ ದಾಟಿ ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

“ಗಾಡಿ ಕಟ್ಟೀನಿ,” ಎಂದರು ಭಾವ. “ಹಳ್ಳದ ತನಕ ಒಯ್ಯೋಣು. ಅಲ್ಲಿಂದ ಹೆಗಲ ಮ್ಯಾಲ ಹೊತ್ತು ದಾಟಸ್ತೀವಿ. ಕುಂತು ನೋಡಾಕ ಆಗವಲ್ದು ನನಗ.”

“ಬ್ಯಾಡ ಭಾವ. ಅಲುಗಾಡಿಸಬಾರದಂತ.”

“ಮತ್ತ ಜೀಪು ಬರ್ಲಿಲ್ಲಂದ್ರ?”

ಅದೇ ಪ್ರಶ್ನೆ ನನ್ನಲ್ಲೂ ಇತ್ತು. ಗಾಡಿ ಹತ್ತಿಸಿದರೆ ದಾರಿಯಲ್ಲಿ ಅಕ್ಕ ಹೋಗುತ್ತಾಳೆ. ಹತ್ತಿಸದೆ ಜೀಪೂ ಬಾರದಿದ್ದರೆ ಮನೆಯಲ್ಲೇ ಹೋಗುತ್ತಾಳೆ. ನನ್ನ ಕೈಯಲ್ಲಿ ಇದ್ದದ್ದು ಫೋನಮ್ಮ ಕೊನೆಗೆ ಅಂದ ಎರಡೇ ಶಬ್ದ. ಮತ್ತೆ ಬರುತ್ತೇನೆ ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ, ಆದರೂ ಇದೆ ಎಂದಿದ್ದರಲ್ಲ... ಚಿಗಟೇರಿಯ ವ್ಯಾಪಾರಿಗೆ ಬರೀ ‘ಸಿಕ್ಕಿಲ್ಲ’ ಎಂದು ಹೇಳುವುದಕ್ಕೂ ಮರಳಿ ಮರಳಿ ಹೋಗುತ್ತಿದ್ದ ಹೆಂಗಸು ಅವರು.

“ಬರತೈತಿ,” ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. “ನಮ್ಮ ಅಮ್ಮಾರು ಹೋಲ್ಡ್ ಆನ್ ಅಂದಾರ. ಬರತೈತಿ.”

“ಹಂಗಂದ್ರೇನು?” ಎಂದರು ಭಾವ.

“ಇರ್ರಿ ಅಂತ. ಬಿಡಬ್ಯಾಡ್ರಿ ಅಂತ.”

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದೆ ಇದೆ. ತಿರುಗಿ ಮನೆಗೆ ಹೋದರು. ಅತ್ತೆ ಕೂಗಾಡುವುದು ಪೋಸ್ಟಾಫೀಸಿನ ತನಕ ಕೇಳಿಸಿತು. ಯಾವುದೋ ಹುಡುಗಿಯ ಮಾತು ಕಟ್ಟಿಕೊಂಡು ಸೊಸೆಯನ್ನು ಸಾಯಿಸುತ್ತೀಯಾ ಎನ್ನುತ್ತಿದ್ದರು. ಹೂಡಿದ್ದ ಎತ್ತುಗಳ ಗಂಟೆ ಅಲುಗಿದಾಗಲೆಲ್ಲ ಗಾಡಿ ಹೊರಟೇ ಹೋಯಿತು ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೊರಡಲಿಲ್ಲ. ಭಾವ ಎತ್ತಿನ ಮೂಗುದಾರ ಹಿಡಿದುಕೊಂಡು ಮಳೆಯಲ್ಲೇ ನಿಂತಿದ್ದರಂತೆ.

ನಾನು ರಿಸೀವರ್ ಇಡಲಿಲ್ಲ. ಇಟ್ಟುಬಿಡು ತಾಯಿ, ಅದು ಸತ್ತಿದೆ ಎಂದು ಪೋಸ್ಟ್‌ಮಾಸ್ತರರು ಮೆಲ್ಲಗೆ ಹೇಳಿದರು. ಇಟ್ಟರೆ ಅಕ್ಕ ಹೋಗುತ್ತಾಳೆ ಎಂಬ ಹುಚ್ಚು ಹೆದರಿಕೆ ನನ್ನೊಳಗೆ ಹೊಕ್ಕಿತ್ತು. ಗೋಡೆಗೆ ಹಣೆ ಹಚ್ಚಿ, ಸದ್ದಿಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಜೀಪು ಬಾರದಿದ್ದರೆ ಅಕ್ಕನನ್ನು ಕೊಂದವಳು ನಾನೇ ಎಂದು ಕ್ಷಣಕ್ಕೊಮ್ಮೆ ಅನ್ನಿಸುತ್ತಿತ್ತು. ಬದುಕಿನಲ್ಲಿ ಎಷ್ಟೋ ಸಲ ಅಂಜಿದ್ದೇನೆ, ಅವತ್ತಿನ ಹಾಗೆ ಇನ್ನೆಂದೂ ಇಲ್ಲ.

ಜೀಪು ಬಂತು. ಹಳ್ಳದ ದಾರಿ ಬಿಟ್ಟು, ಹೊಲಗಳ ಮೇಲೆ ಸುತ್ತು ಹಾಕಿ, ಗಾಲಿಯ ತುಂಬ ಎರೆಮಣ್ಣು ಮೆತ್ತಿಕೊಂಡು ಬಂತು. ನರ್ಸಮ್ಮ ಇಳಿದವರೇ ಒಳಗೆ ಓಡಿದರು. ಸೂಜಿ ಕೊಟ್ಟು, ಬಾಟಲಿ ಹಚ್ಚಿ, ಅಕ್ಕನನ್ನು ಹಾಸಿಗೆ ಸಮೇತ ಎತ್ತಿ ಜೀಪಿನಲ್ಲಿ ಮಲಗಿಸಿದರು. ಗಾಡಿಯ ಕುಲುಕಾಟದಲ್ಲಿ ಹೋಗಿದ್ದರೆ ಹಳ್ಳದ ತನಕವೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರೂ ಹೇಳಿದರು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ.

ಗಂಡು ಮಗು. ಆ ದಿನದ ಮಾತನ್ನು ಅಂದಿನಿಂದ ನಮ್ಮ ಎರಡೂ ಮನೆಗಳಲ್ಲಿ ಯಾರೂ ಎತ್ತಲಿಲ್ಲ. ಮುಂದೆ ಅಕ್ಕನಿಗೆ ಇಬ್ಬರು ಮಕ್ಕಳಾದರು, ಅವರಿಗೂ ಮಕ್ಕಳಾದವು. ಆದರೂ ಎತ್ತಲಿಲ್ಲ.

ಡ್ಯೂಟಿಗೆ ಮರಳಿದ ದಿನ ಫೋನಮ್ಮ ಮೊದಲು ನನ್ನ ಕೈ ಹಿಡಿದು ನೋಡಿದರು. “ಲೈನ್ ಹೋತಲ್ಲವ್ವ. ಭಾಳ ಅಂಜಿದ್ಯಾ?”

“ಅಂಜಿದ್ನಿರಿ. ನೀವು ಅಂಜಲಿಲ್ಲೇನ್ರಿ ಅಮ್ಮಾ?”

“ನನಗ್ಯಾತರ ಅಂಜಿಕಿ? ಬೋರ್ಡ್ ಮುಂದ ಕುಂತಾಕಿ ನಾನು!” ಎಂದು ಬೈಯುವ ದನಿಯಲ್ಲಿ ಅಂದು, ಚಕ್ ಎಂದು ಬೋರ್ಡಿನ ಮೇಲೆ ಯಾವುದೋ ಕರೆಯ ಶಟರು ಬಿತ್ತು ಅಂತ ಆ ಕಡೆ ತಿರುಗಿದರು. ನಾನು ಅದನ್ನೇ ನಂಬಿದೆ. ಎಂಥ ಗುಂಡಿಗೆಯ ಹೆಂಗಸಪ್ಪ ಎಂದು, ಮನೆಯಲ್ಲಿ ಬಿಟ್ಟು, ಊರೆಲ್ಲ ಹೇಳಿಕೊಂಡು ತಿರುಗಿದೆ. ನಾನು ಕೆಲಸ ಬಿಡದೆ ಉಳಿದದ್ದೂ ಅದೇ ನಂಬಿಕೆಯ ಮೇಲೆ. ಕೆಲವು ವರ್ಷಕ್ಕೆ ಅವರಿಗೆ ರಾಯಚೂರು ಕಡೆ ವರ್ಗವಾಯಿತು, ನನಗೆ ಮದುವೆಯಾಯಿತು, ಬೋರ್ಡು ಹೋಗಿ ಆಟೋಮ್ಯಾಟಿಕ್ ಬಂತು. ಮೊದಮೊದಲು ಯಾರ ಕೈಲೋ ಹೇಳಿ ಕಳಿಸುತ್ತಿದ್ದೆವು, ಆಮೇಲೆ ಅದೂ ನಿಂತಿತು...

ಗ್ಯಾಸ್ಕೆಟ್ ತಂದ ನಾಲ್ಕಾರು ದಿನಕ್ಕೆ, ನಮ್ಮ ಎಕ್ಸ್‌ಚೇಂಜಿನ ಹಳೆಯ ಲೈನ್‌ಮನ್ ಮೊಮ್ಮಗಳ ಮದುವೆಗೆ ಕರೆಯಲು ಬಂದರು. ಚಹಾ ಕುಡಿಯುತ್ತ ಫೋನಮ್ಮನ ಸುದ್ದಿ ಕೇಳಿದೆ.

“ಅವರು ಹೋಗಿ ಮೂರು ವರ್ಷಾತಲ್ರಿ. ನಿಮಗ ಗೊತ್ತಿಲ್ಲೇನ್ರಿ?” ಎಂದರು.

ಗೊತ್ತಿರಲಿಲ್ಲ. ಆಮೇಲೆ ಅವರೇ ಹಲವಾಗಲಿನ ಆ ಮಳೆಯ ಮಾತು ತೆಗೆದರು. ಅವತ್ತು ಎಕ್ಸ್‌ಚೇಂಜಿನಲ್ಲಿ ಅವರೂ ಇದ್ದರಂತೆ. ಲೈನು ಹೋದ ಕೂಡಲೇ ಟೆಸ್ಟ್ ಮಾಡಿ ನೋಡಿದವರೂ ಅವರೇ.

“ಕಂಬ ಬಿದ್ದೈತ್ರಿ ಅಮ್ಮಾ, ಇವತ್ತು ಬರಂಗಿಲ್ಲ, ಪ್ಲಗ್ ತಗೀರಿ ಅಂದ್ನಿರಿ. ತಗೀಲಿಲ್ಲ. ಡ್ರೈವರ್‌ನ ಹುಡುಕಿಸಿ ಜೀಪ್ ಕಳಿಸಿದ್ರು, ಕಳಿಸಿ ಮತ್ತ ಬಂದು ಅದ ಲೈನಿಗೆ ಕುಂತ್ರು. ಅದೀನವ್ವ, ಜೀಪ್ ಹೊಂಟೈತಿ. ಅದೀನವ್ವ, ಊರು ದಾಟೈತಿ. ಹಂಗ ಹೇಳ್ಕೋತ ಕುಂತಾರ್ರಿ, ಸತ್ತ ಲೈನಿಗೆ! ತಲಿ ಕೆಟ್ಟೈತೇನ್ರಿ ಅಂದೆ. ಸತ್ತೈತಿ ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ, ಆ ಹುಡುಗಿಗೆ ಗೊತ್ತಿಲ್ಲಲ್ಲೋ ಅಂದ್ರು. ಜೀಪು ತಿರುಗಿ ಬಂದು ಅಕ್ಕಾರು ಉಳಿದಾರ ಅನ್ನೋ ತನಕ ಕುರ್ಚಿ ಬಿಟ್ಟು ಏಳಲಿಲ್ರಿ.”

ಅವರು ಬಸಿಯಲ್ಲಿ ಉಳಿದ ಚಹಾ ಕುಡಿದರು.

“ಆದ್ರ ಕೈ ನಡುಗತಿತ್ರಿ ಅವರದು. ಗಡಗಡ ನಡುಗತಿತ್ತು. ಎಡಗೈಯಿಂದ ಬಲಗೈ ಹಿಡ್ಕೊಂಡು ಕುಂತಿದ್ರು.”

ಲೈನ್‌ಮನ್ ಎದ್ದು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಲವತ್ತು ವರ್ಷದ ಮೇಲಾಯಿತು, ಫೋನಮ್ಮ ಅಂಜಲಿಲ್ಲ ಎಂದೇ ತಿಳಿದಿದ್ದೆನಲ್ಲ... ನಾನು ಒಂದು ಕಡೆ, ಅವರು ಒಂದು ಕಡೆ, ಇಬ್ಬರೂ ನಡುಗುತ್ತ ಒಂದೇ ಸತ್ತ ತಂತಿಯನ್ನು ಹಿಡಿದುಕೊಂಡಿದ್ದೆವು.

ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. “ಫೋನಮ್ಮ ಹೋಗ್ಯಾರಂತ,” ಎಂದೆ.

“ಯಾರದು ಫೋನಮ್ಮ?” ಎಂದಳು ಅಕ್ಕ.

ಅವಳಿಗೆ ಹೇಗೆ ಗೊತ್ತಿರಬೇಕು? ಅವತ್ತು ಅವಳಿಗೆ ಅರೆಪ್ರಜ್ಞೆ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಮೊದಲಿನಿಂದ ಹೇಳಿದೆ. ಡ್ರೈವರನ್ನು ಹುಡುಕಿಸಿದ್ದು, ಭಾವ ಎತ್ತು ಹಿಡಿದು ನಿಂತದ್ದು, ಸತ್ತ ಲೈನು, ನಡುಗಿದ ಕೈ, ಎಲ್ಲ ಹೇಳಿದೆ. ಆ ಕಡೆಯಿಂದ ಉಸಿರಿನ ಸದ್ದೂ ಬರಲಿಲ್ಲ. ಲೈನು ಹೋಯಿತೇನೋ ಎಂದು ಹೆದರಿ ಅಲೋ ಎಂದೆ.

“ಒಂದು ಸಲನಾರ ಹೇಳಬಾರದಾಗಿತ್ತೇನ?” ಎಂದಳು ಅಕ್ಕ. “ಹೋಗಿ ಆ ತಾಯಿ ಕೈ ಹಿಡ್ಕೊಂಡು ಬರ್ತಿದ್ನಲ್ಲ.”